ಟೋಪಿಯೊಳಗಿನ ಕೀಲಿ

ದೊಡ್ಡ ಸಾಹೇಬರಿಗೆ ಸೆಲ್ಯೂಟ್ ಹೊಡೆಯುವಾಗ ಜೇಬಿನಲ್ಲಿ ಜಣಜಣ ಸದ್ದಾಗಬಾರದೆಂದು ಬೀಗದಣ್ಣ ಲಾಕಪ್ಪಿನ ಕೀಲಿಯನ್ನು ಟೋಪಿಯೊಳಗಿಟ್ಟು, ಟೋಪಿಯನ್ನು ತಲೆಗೇರಿಸಿದ. ಅಲ್ಲಿಂದ ಮುಂದೆ ಕೀಲಿ ಅವನ ತಲೆಯ ಮೇಲಿತ್ತೇ ಹೊರತು ತಲೆಯೊಳಗೆ ಇರಲಿಲ್ಲ.

ಅವನು ಆ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಹದಿನೆಂಟು ವರ್ಷ ಲಾಕಪ್ಪಿನ ಕೀಲಿ ಕಾದದ್ದಕ್ಕೆ ಎಲ್ಲರ ಬಾಯಲ್ಲೂ ಬೀಗದಣ್ಣನಾಗಿದ್ದ. ಲಾಕಪ್ ಇದ್ದದ್ದು ಮಹಡಿಯಲ್ಲಿ. ಮೂವತ್ತೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಮಂಡಿಗಳು ಮೂವತ್ತೆರಡು ದೂರು ಕೊಡುತ್ತಿದ್ದವು. ಮನೆಯೆದುರಿಗೇ ಇರುವ ಸಂಚಾರ ಠಾಣೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ಇವತ್ತು ತಪಾಸಣೆಗೆ ಬರುವ ದೊಡ್ಡ ಸಾಹೇಬರು ಸಹಿ ಹಾಕಿದರೆ ಆಯಿತು, ಅಲ್ಲಿ ಮೆಟ್ಟಿಲೇ ಇಲ್ಲ.

"ನೋಡಿ, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರಿ," ಎಂದು ಹೆಂಡತಿ ಬಾಗಿಲಲ್ಲೇ ತಡೆದು ಹೇಳಿದ್ದಳು. "ನಿಮ್ಮ ಸತ್ಯಸಂಧತೆ ಎಲ್ಲಾ ರಿಟೈರ್ ಆದ್ಮೇಲೆ ತೋರಿಸುವಿರಂತೆ."

ಆದರೆ ಇವತ್ತು ಸೋಮವಾರ. ಹೋದ ವರ್ಷ ಬಂದ ಇನ್‌ಸ್ಪೆಕ್ಟರ್ ಮೇಡಂ ಒಂದು ಪದ್ಧತಿ ಮಾಡಿದ್ದರು. ಸೋಮವಾರ ಬೆಳಿಗ್ಗೆ ಲಾಕಪ್ ಖಾಲಿಯಿದ್ದರೆ, ಕೀಲಿ ಕಾಯುವವನೂ ಅವರೂ ಹತ್ತು ನಿಮಿಷ ಅದರೊಳಗೆ ಕೂರಬೇಕು. "ಒಳಗೆ ಕೂರೋದು ಹೇಗಿರುತ್ತೆ ಅಂತ ಗೊತ್ತಿಲ್ದೋರು ಹೊರಗೆ ಕಾಯಬಾರದು," ಎಂಬುದು ಅವರ ಮಾತು. ಮೊದಲ ವಾರ ಠಾಣೆಯೆಲ್ಲ ಮುಸಿಮುಸಿ ನಕ್ಕಿತ್ತು. ಎರಡನೇ ವಾರ ಒಳಗೆ ಫ್ಯಾನು ಬಂತು, ಮೂರನೇ ವಾರ ಕುಡಿಯುವ ನೀರು ಬಂತು. ಆಮೇಲೆ ಯಾರೂ ನಗಲಿಲ್ಲ. ಅಕ್ಕಪಕ್ಕದ ಠಾಣೆಯವರ ಮುಂದೆ ಬೀಗದಣ್ಣ ಈ ಮಾತನ್ನು ಎದೆಯುಬ್ಬಿಸಿಕೊಂಡು ಹೇಳುತ್ತಿದ್ದ.

"ಇವತ್ತು ಬೇಡ ಮೇಡಂ, ಸಾಹೇಬ್ರು ಬರ್ತಾರೆ."

"ಸಾಹೇಬ್ರು ಬರ್ತಾರೆ ಅಂತ ಸೋಮವಾರ ರಜಾ ಹಾಕುತ್ತಾ? ಬನ್ನಿ."

ಇಬ್ಬರೂ ಒಳಹೊಕ್ಕರು. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಬೀಗದಣ್ಣ ಕಂಬಿ ಹಿಡಿದು ಮೆಲ್ಲಗೆ ಎಳೆದ. ಹಳೆಯದು ಕೆಟ್ಟಿತೆಂದು ಹೋದ ವಾರವಷ್ಟೇ ಹಾಕಿಸಿದ ಬೀಗ, ಎಳೆದರೆ ತಾನೇ ಬೀಳುವಂಥದ್ದು, ಕಟಕ್ ಎಂದಿತು.

ಬೀಗದಣ್ಣ ಜೇಬು ತಡಕಿದ. ಸೊಂಟ ತಡಕಿದ. ಬೂಟು ಬಿಚ್ಚಿ ಕೊಡವಿದ. ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಸಿಬ್ಬಂದಿಯೆಲ್ಲ ಮುಂದಿನ ಗೇಟಿನಲ್ಲಿ ಸಾಲಾಗಿ ನಿಂತಿರಲು, ದೊಡ್ಡ ಸಾಹೇಬರು ಹಿಂಬಾಗಿಲಿನಿಂದ ಬಂದಿದ್ದರು.

ಕಂಬಿಯಾಚೆ ಸಾಹೇಬರು, ಕಂಬಿಯೀಚೆ ಇಬ್ಬರ ಸೆಲ್ಯೂಟು.

"ಏನ್ರಿ ಇದು? ನಿಮ್ಮನ್ನ ಯಾರು ಹಿಡಿದ್ರು?"

ಆಗಲೇ ಮೆಟ್ಟಿಲ ಬಳಿ ಇನ್ನೊಂದು ತಲೆ ಕಾಣಿಸಿತು. ನ್ಯಾಯಾಲಯದ ಆಜ್ಞೆಯಂತೆ ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುವ ಹಳೇ ಕಳ್ಳ ಅದು, ಅಡ್ಡಹೆಸರು ನಯಬೆರಳು. ಕೆಳಗೆ ಯಾರೂ ಇಲ್ಲದ್ದಕ್ಕೆ ಹುಡುಕಿಕೊಂಡು ಮೇಲೆ ಬಂದಿದ್ದ. ಒಳಗಿನವರನ್ನು ನೋಡಿ ಅವನು ಸಾಹೇಬರಿಗೆ ಕೈಮುಗಿದ.

"ಸ್ವಾಮಿ, ಅಪ್ಪಣೆಯಾದ್ರೆ ನಾನೇ ತೆಗೀತೀನಿ. ಮೇಡಮ್ಮೋರ ಹೇರ್‌ಪಿನ್ ಒಂದು ಬೇಕು."

ಬೇರೆ ದಾರಿಯಿಲ್ಲದೆ ಸಾಹೇಬರು ತಲೆಯಾಡಿಸಿದರು. ನಯಬೆರಳು ಅರೆ ನಿಮಿಷದಲ್ಲಿ ಬಾಗಿಲು ತೆರೆದು, "ಈ ಬೀಗ ನಾಮಕಾವಸ್ತೆ ಸ್ವಾಮಿ, ಬದಲಾಯಿಸಿ," ಎಂದು ಬುದ್ಧಿಯನ್ನೂ ಹೇಳಿದ.

ಕೆಳಗೆ ಮೇಡಂ ಕೋಣೆಯಲ್ಲಿ ಸಾಹೇಬರು ಮೇಜಿನ ಮುಂದೆ ಕೂತರು. ಮುಖ ಕೆಂಡವಾಗಿತ್ತು.

"ಕೀಲಿ ಎಲ್ಲಿ? ಯಾರ ತಪ್ಪಿದು?"

"ನಂದು ಸರ್," ಅಂದರು ಮೇಡಂ. "ಒಳಗೆ ಕೂರೋ ಪದ್ಧತಿ ಮಾಡಿದ್ದು ನಾನು. ಠಾಣೆಯಲ್ಲಿ ಏನಾದ್ರೂ ಹೊಣೆ ನನ್ನದೇ."

"ಹಾಗಾದ್ರೆ ಮೆಮೊ ನಿಮ್ಗೇ."

ಸಾಹೇಬರು ಒಂದು ಹಾಳೆಯಲ್ಲಿ ಮೆಮೊ ಬರೆದರು. ಪಕ್ಕದಲ್ಲೇ ಬೀಗದಣ್ಣನ ಅರ್ಜಿಯಿತ್ತು. ಪೆನ್ನು ಅದರತ್ತ ತಿರುಗಿತು. ಸಹಿಯ ಜಾಗ ತೋರಿಸಲು ಬೀಗದಣ್ಣ ಬಗ್ಗಿದ. ಬಕ್ಕತಲೆಯ ಬೆವರಿನಲ್ಲಿ ತಣ್ಣಗಿನದೇನೋ ಹಣೆಯತ್ತ ಜಾರಿತು.

ಕೀಲಿ ಎಲ್ಲಿದೆಯೆಂದು ಅವನಿಗೆ ಆಗ ನೆನಪಾಯಿತು. ಇನ್ನು ಅರೆಗಳಿಗೆ ಸುಮ್ಮನಿದ್ದರೆ ಸಹಿ ಬೀಳುತ್ತಿತ್ತು. ಮನೆಯೆದುರಿನ ಠಾಣೆ, ಮಧ್ಯಾಹ್ನ ಮನೆಯ ಬಿಸಿ ಊಟ, ಮೆಟ್ಟಿಲಿಲ್ಲದ ಬದುಕು. ಹೆಂಡತಿಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಆದರೆ ಪಕ್ಕದಲ್ಲಿ ಮೇಡಂ ತಮ್ಮದಲ್ಲದ ತಪ್ಪಿಗೆ ನೆಟ್ಟಗೆ ನಿಂತಿದ್ದರು. ಇಂಥವರ ಕೈಕೆಳಗೆ ಕೆಲಸ ಮಾಡಿ ಈಗ ಟೋಪಿಯೊಳಗೆ ಬಚ್ಚಿಟ್ಟುಕೊಳ್ಳುವುದೇ?

ಅವನು ಟೋಪಿ ತೆಗೆದ. ಕೀಲಿ ಠಣ್ಣೆಂದು ಮೇಜಿನ ಮೇಲೆ ಬಿತ್ತು.

"ತಪ್ಪು ನಂದು ಸರ್. ನಾನೇ ಇಟ್ಟು ಮರೆತೆ. ಮೆಮೊ ನನಗೆ ಕೊಡಿ."

ಬಾಗಿಲಲ್ಲಿದ್ದ ನಯಬೆರಳು ಕಣ್ಣೊರೆಸಿಕೊಂಡ. "ಹಳೇ ಬೀಗ ಹಾಳು ಮಾಡಿದ್ದು ನಾನೇ ಸ್ವಾಮಿ. ನನ್ನದೂ ಬರ್ಕೊಳ್ಳಿ!"

ಸಾಹೇಬರು ಮೂವರನ್ನೂ ನೋಡಿದರು. ಆಮೇಲೆ ಮೇಜು ಅಲುಗುವಂತೆ ನಕ್ಕರು.

"ತಪ್ಪನ್ನ ಒಬ್ಬರ ಮೇಲೊಬ್ಬರು ಹಾಕೋ ಠಾಣೆ ಬೇಕಾದಷ್ಟು ನೋಡಿದೀನಿ. ನಂದು ನಂದು ಅಂತ ಕಿತ್ತಾಡೋದನ್ನ ಇವತ್ತೇ ನೋಡಿದ್ದು. ಠಾಣೆ ನಡೆಸೋದು ಅಂದ್ರೆ ಇದು ಕಣಮ್ಮಾ!" ಎಂದು ಮೆಮೊ ಹರಿದರು. ಅದೇ ಉತ್ಸಾಹದಲ್ಲಿ ಅರ್ಜಿಯನ್ನೂ ಹರಿದರು. "ಇಂಥ ಮನುಷ್ಯನನ್ನ ಬೇರೆ ಕಡೆ ಕಳಿಸೋದೇ? ರಿಟೈರ್ ಆಗೋವರೆಗೂ ಕೀಲಿ ಇವನ ಕೈಯಲ್ಲೇ ಇರ್ಲಿ!"

ಜೀಪು ಹೋದಮೇಲೆ ಬೀಗದಣ್ಣ ಎದೆಯುಬ್ಬಿಸಿ ಹೇಳಿದ: "ನಿಮ್ಮ ಮೆಮೊ ತಪ್ಪಿಸಿದೆ ಮೇಡಂ."

ಮೇಡಂ ಹಣೆ ಒತ್ತಿಕೊಂಡರು. "ಅಲ್ಲ ಮಾರಾಯ್ರೇ, ಕೀಲಿ ಟೋಪಿಯಲ್ಲಿದೆ ಅಂತ ನನಗೆ ಗೊತ್ತಿತ್ತು. ನನ್ನ ಕಣ್ಣೆದುರಿಗೇ ಇಟ್ಕೊಂಡ್ರಲ್ಲ. ಹೇಳೋಷ್ಟರಲ್ಲಿ ಸಾಹೇಬ್ರು ಬಂದುಬಿಟ್ರು. ಅವರೆದುರು ಹೇಳಿದ್ರೆ ತಪ್ಪು ನಿಮ್ಮ ತಲೆಗೇ ಬರ್ತಿತ್ತು ಅಂತ ಸುಮ್ಮನಾದೆ. ಒಂದು ಮೆಮೊ ತಗೊಂಡ್ರೆ ನನಗೇನೂ ಆಗ್ತಿರ್ಲಿಲ್ಲ, ನೀವು ಮನೆ ಹತ್ರ ಹೋಗ್ತಿದ್ರಿ."

ಅಷ್ಟರಲ್ಲಿ ಬೀಗದಣ್ಣನ ಫೋನ್ ಬಡಿದುಕೊಂಡಿತು.

"ಸಹಿ ಆಯ್ತಾ?" ಹೆಂಡತಿ.

"ಆಗ್ತಿತ್ತು ಕಣೇ. ಬಾಯಿ ಬಿಟ್ಟೆ."

"ಅಯ್ಯೋ ನನ್ನ ಕರ್ಮವೇ! ಯಾರಿಗೋಸ್ಕರ?"

"ನಮ್ಮ ಮೇಡಂಗೋಸ್ಕರ," ಅಂದ ಬೀಗದಣ್ಣ. ಆ 'ನಮ್ಮ' ಅನ್ನುವಾಗ ಅವನ ದನಿ ಎಷ್ಟು ದೊಡ್ಡದಾಯಿತೆಂದರೆ ಆಚೆ ಹೆಂಡತಿ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಆಯ್ತು," ಎಂದಳು ಕೊನೆಗೆ. "ಬರ್ತಾ ಮಂಡಿಗೆ ಎಣ್ಣೆ ತನ್ನಿ. ದೊಡ್ಡ ಬಾಟ್ಲೇ ತನ್ನಿ."