ಎಲುಬಿನೊಳಗಿನ ಮೇಸ್ತ್ರಿ

ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನವೇ ರೇವಣಸಿದ್ದನ ಸುಖ ಮುಗಿಯಿತು.

ಅವನು ಚಿತ್ತಾಪುರದ ಕೋರ್ಟಿನ ಎದುರು ಅರ್ಜಿ ಟೈಪ್ ಮಾಡಿಕೊಡುವವನು. ಗೋಡೆಗೆ ಕ್ಯಾಲೆಂಡರ್ ತೂಗಹಾಕಲು ಹೋಗಿ ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೊದಮೊದಲು ನರಳಿದ. ಆಮೇಲೆ ಮಂಚದ ರುಚಿ ಹತ್ತಿತು. ಕಿಟಕಿಯಾಚೆ ಮೋಡಗಳು ಮೇಯಲು ಬಿಟ್ಟ ಕುರಿಗಳ ಹಾಗೆ ಸಾಗುತ್ತಿದ್ದವು. ದೂರದಲ್ಲಿ ಗೂಡ್ಸ್ ಗಾಡಿ ಕೂಗಿದರೆ ಮಂಚವೇ ಮೆಲ್ಲಗೆ ಹಳಿ ಹತ್ತಿ ಹೊರಟಂತಾಗುತ್ತಿತ್ತು. ಅಷ್ಟು ಚಂದದ ಕನಸುಗಳು ಅವನಿಗೆ ಮದುವೆಗೆ ಮುಂಚೆಯೂ ಬಿದ್ದಿರಲಿಲ್ಲ.

"ಮುರದಿದ್ದು ಕೂಡ್ಯದ," ಎಂದರು ಡಾಕ್ಟರ್ ಮೈತ್ರಿ. "ಆದ್ರ ಭಾಳ ದಿನ ಮಲಗಿ ಎಲುಬು ಸೊರಗ್ಯಾವ. ಎಲುಬಿನ್ಯಾಗ ಸ್ಕ್ಲೆರೋಸ್ಟಿನ್ ಅಂತ ಒಂದು ಪ್ರೋಟೀನ್ ಇರ್ತದ. ಕಾಲಿನ ಮ್ಯಾಲ ಭಾರ ಬೀಳದಿದ್ರ ಅದು ಹೆಚ್ಚಾಗಿ, 'ಕಟ್ಟೋದು ನಿಲ್ಲಸ್ರಿ' ಅಂತ ಹುಕುಂ ಕೊಡ್ತದ."

"ಅದಕ್ಕ ಆ ಅಧಿಕಾರ ಯಾರು ಕೊಟ್ರಿ?"

"ನೀವೇ, ಮಲ್ಕೊಂಡು. ಇವತ್ತಿನಿಂದ ನಿಧಾನಕ್ಕ ನಡೀರಿ."

ಬಾಗಿಲ ಬಳಿ ನಿಂತಿದ್ದ ಹೆಂಡತಿ ಉಮಾದೇವಿ ಇದನ್ನು ಕೇಳಿಸಿಕೊಂಡಳು. ಆಟೋ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಫೋನಿನಲ್ಲಿ ಓಣಿ ತಲುಪಿ, ರೇವಣಸಿದ್ದನ ಎಲುಬುಗಳು ಚಹಾದೊಳಗಿನ ಸಕ್ಕರೆಯಂತೆ ಕರಗುತ್ತಿವೆ ಎಂದಾಗಿತ್ತು.

ಅವನು ಮಂಚದತ್ತ ಹೊರಟ. ಪಕ್ಕದ ಮನೆಯ ಶಂಕರಲಿಂಗ ಅಡ್ಡ ನಿಂತ. ಎರಡು ಎಮ್ಮೆ ಸಾಕಿದ್ದ ಅವನಿಗೆ ಜಗತ್ತಿನ ಎಲ್ಲ ವಿಷಯಗಳ ಬಗ್ಗೆಯೂ ಅಭಿಪ್ರಾಯವಿತ್ತು.

"ನಮ್ಮ ಎಮ್ಮಿ ನೋಡಪಾ, ದಿನಾ ನಡೀತಾವ. ಒಂದರ ಎಲುಬರೆ ಸೊರಗ್ಯದೇನು?"

"ಎಮ್ಮಿಗಿ ಮಂಚ ಎಲ್ಲದ?"

ಶಂಕರಲಿಂಗ ಅವನ ಕೈಗೆ ಕೋಲು ಕೊಟ್ಟು ಓಣಿಗೆ ಬಿಟ್ಟ. ಅರ್ಧ ದಾರಿಗೇ ದಣಿದು ರೇವಣಸಿದ್ದ ಎದುರುಮನೆಯ ಕಟ್ಟೆಯ ಮೇಲೆ ಕುಳಿತ. ಖಜೂರದ ಹಾಲು ಹಿಡಿದು ಬಂದ ಆ ಮನೆಯ ಹಸೀನಾಬೇಗಂ ಚೀರಿದಳು. "ಕುಂದರಬ್ಯಾಡ್ರಿ ಅಣ್ಣಾ! ಒಳಗ ಅದು ಹುಕುಂ ಕೊಡಾಕತ್ತದ! ನಿಂತೇ ಕುಡೀರಿ!"

ಹಾಲು ಕುಡಿದು, "ಸ್ಟೇಷನ್ ತನಕ ಹೋಗಿ ಬರ್ತೀನಿ" ಎಂದು ಅವನು ತಪ್ಪಿಸಿಕೊಂಡ.

ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಯೊಂದು ತೂಕಡಿಸುತ್ತ ನಿಂತಿತ್ತು. ಒಳಗೆ ಉದ್ದನೆಯ ಖಾಲಿ ಸೀಟು. ಇಲ್ಲಿ ಯಾರೂ ಎಬ್ಬಿಸುವುದಿಲ್ಲ ಎಂದುಕೊಂಡು ಹತ್ತಿ ಮೈ ಚಾಚಿದ. ಕಣ್ಣು ಮುಚ್ಚಿದೊಡನೆ ತನ್ನ ಎಲುಬಿನೊಳಗೇ ಇಳಿದಿದ್ದ. ಅಲ್ಲಿ ಬೆಳದಿಂಗಳಂಥ ಬೆಳಕು. ಹೆಬ್ಬೆರಳುದ್ದದ ಗೌಂಡಿಗಳು ಶಹಾಬಾದಿ ಕಲ್ಲು ಒಂದರ ಮೇಲೊಂದು ಇಡುತ್ತಿದ್ದರು. ಅಷ್ಟರಲ್ಲಿ ಕೊಡೆ ಹಿಡಿದ ಡೊಳ್ಳು ಹೊಟ್ಟೆಯ ಮೇಸ್ತ್ರಿ ಬಂದು, "ಸಾಕು ಬಿಡ್ರಪಾ, ಯಜಮಾನ ಮಲಗ್ಯಾನ" ಎಂದ. ಗೌಂಡಿಗಳು ಕರಣೆ ಕೆಳಗಿಟ್ಟು, ಕಲ್ಲಿಗೆ ತಲೆ ಕೊಟ್ಟು, ಒಟ್ಟಿಗೆ ಗೊರಕೆ ಹೊಡೆಯತೊಡಗಿದರು. ಗೋಡೆ ಹಿಟ್ಟಿನಂತೆ ಉದುರಿತು.

ಬೆಚ್ಚಿ ಎದ್ದ. ಗಾಡಿ ವಾಡಿಯ ದಿಕ್ಕಿನ ಯಾವುದೋ ಪುಟ್ಟ ಸ್ಟೇಷನ್ನಿನಲ್ಲಿ ನಿಂತಿತ್ತು. ಗಾಬರಿಯಲ್ಲಿ ಇಳಿದ, ಗಾಡಿ ಹೋಯಿತು. ಫೋನು ಮನೆಯಲ್ಲೇ ಉಳಿದಿತ್ತು. ವಾಪಸು ಗಾಡಿ ರಾತ್ರಿಗೇ.

ತೊಗರಿ ಹೊಲಗಳ ನಡುವಿನ ದಾರಿ ಹಿಡಿದ. ಮೊದಲು ಕೋಲೂರಿ ಕುಂಟಿದ. ಬೇವಿನ ನೆರಳು ಸಿಕ್ಕಲ್ಲೆಲ್ಲ ನಿಂತ. ಆಮೇಲೆ ಹಳದಿ ಹೂವಿನ ಮೇಲಿನ ಗಾಳಿ ಮುಖಕ್ಕೆ ತಾಗಿ, ತಾನು ನಡೆಯುತ್ತಿಲ್ಲ, ತೇಲುತ್ತಿದ್ದೇನೆ ಅನ್ನಿಸಿತು. ಹೆಜ್ಜೆ ಊರಿದಾಗೆಲ್ಲ ಒಳಗೆ ಒಬ್ಬ ಗೌಂಡಿ ಕಣ್ಣುಜ್ಜಿ ಏಳುತ್ತಿದ್ದ. ಊರು ಕಾಣಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವನ ಎದೆ ಉಬ್ಬಿತ್ತು.

ಮನೆ ಮುಂದೆ ಜನ ನೆರೆದಿದ್ದರು. ಸನ್ಮಾನವೇ ಇರಬೇಕು ಎಂದುಕೊಂಡ.

"ಎಲ್ಲಿ ಹಾಳಾಗಿ ಹೋಗಿದ್ರಿ?" ಉಮಾದೇವಿ ಓಡಿಬಂದಳು.

"ನಡದೆ ಉಮಾ! ವಾಡಿ ಕಡಿಂದ ನಡಕೊಂತ ಬಂದೀನಿ! ಇನ್ನ ಹತ್ತು ಊರು ನಡೀತೀನಿ ನೋಡು!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಒಳಗೆ ಇಣುಕಿದ. ಅವನ ಮಂಚದ ಮೇಲೆ ಶಂಕರಲಿಂಗ ಮಲಗಿದ್ದ. ತೊಡೆಯವರೆಗೆ ಹಸಿ ಪ್ಲಾಸ್ಟರ್.

"ನಿಮ್ಮನ್ನ ಹುಡುಕ್ಯಾಡ್ಲಿಕ್ಕ ಹೋಗಿ ಗಟಾರದಾಗ ಬಿದ್ದಾನ," ಎಂದಳು ಉಮಾದೇವಿ. "ಅವನ ಮನ್ಯಾಗ ಮಂಚ ಇಲ್ಲ. ಡಾಕ್ಟರು ಕಾಲು ನೆಲಕ್ಕ ಊರಲೇಬ್ಯಾಡ ಅಂದಾರ."

ಶಂಕರಲಿಂಗ ಕಿಟಕಿಯಿಂದ ಕಣ್ಣು ತೆಗೆಯದೆ ನಿಟ್ಟುಸಿರಿಟ್ಟ. "ಭಾಳ ಆರಾಮ ಅದಪಾ ಇಲ್ಲಿ."

"ಮತ್ತ ಎಮ್ಮಿ?" ಜನರ ನಡುವಿಂದ ಯಾರೋ ಕೇಳಿದರು.

ಎಲ್ಲರ ಕಣ್ಣೂ ಒಟ್ಟಿಗೆ ರೇವಣಸಿದ್ದನ ಕಡೆ ತಿರುಗಿದವು.

"ನನ್ನ ಕಾಲು ಇನ್ನಾ ಭಾಳ ಸೊರಗ್ಯದ್ರಿ..." ಎಂದು ಅವನು ತೊದಲಿದ.

"ಹತ್ತು ಊರು ನಡೀತೀನಿ ಅಂದ್ರಲ್ಲ ಈಗ?" ಉಮಾದೇವಿ ಎರಡೂ ಎಮ್ಮೆಗಳ ಹಗ್ಗಗಳನ್ನು ಅವನ ಕೈಗಿಟ್ಟಳು.

ದಿನವಿಡೀ ನೀರು ಕಾಣದ ಎಮ್ಮೆಗಳು ಕೆರೆಯ ದಿಕ್ಕಿಗೆ ಓಟ ಕಿತ್ತವು. ಹಿಂದೆ ಕುಂಟುತ್ತ, ಜಗ್ಗಿಸಿಕೊಳ್ಳುತ್ತ ಹೊರಟ ರೇವಣಸಿದ್ದ ಕೈ ಮುಗಿಯುವುದೊಂದು ಬಾಕಿ.

"ಜರಾ ನಿಧಾನ ನಡೀರ್ರಿ, ತಾಯಂದಿರಾ!"