ಬಚ್ಚಲ ಬಾಗಿಲೂ ನಾರ್ಮಲ್ ಎಂಬ ಶಬ್ದವೂ

ನಾವು ದಿನಾಲು ಬಳಸುವ ಇಂಗ್ಲಿಷ್ ಶಬ್ದಗಳಲ್ಲಿ 'ನಾರ್ಮಲ್'ನಷ್ಟು ಉಪಕಾರಿಯಾದದ್ದು ಇನ್ನೊಂದಿಲ್ಲ. ಡಾಕ್ಟರು ರಿಪೋರ್ಟ್ ನೋಡಿ ಹಾಗೆಂದರೆ ಅಂದು ಊಟ ಸೇರುತ್ತದೆ. ಮೂಡಲಗಿಯಿಂದ ತಮ್ಮ ಫೋನ್ ಮಾಡಿ 'ಹೆರಿಗಿ ನಾರ್ಮಲ್ ಆತು' ಅಂದರೆ ಪೇಢೆ ಹಂಚುತ್ತೇವೆ. ಹನ್ನೆರಡು ವರ್ಷಗಳಿಂದ ಸರಿಯಾಗಿ ಮುಚ್ಚದ ನಮ್ಮ ಬಚ್ಚಲ ಬಾಗಿಲಿನ ಬಗ್ಗೆ ಹೆಂಡತಿ ಕೇಳಿದಾಗಲೆಲ್ಲ ನಾನೂ 'ಗೋಕಾಕದ ಮನೆಗಳಲ್ಲಿ ಇದು ನಾರ್ಮಲ್' ಎಂದೇ ಸಾಗಹಾಕಿದ್ದೆ.

ಮಗಳನ್ನು ನೋಡಲು ಹುಕ್ಕೇರಿಯವರು ಬರುತ್ತಾರೆಂದು ಗೊತ್ತಾದ ದಿನ ಆ ಶಬ್ದದ ಶಕ್ತಿ ಮುಗಿಯಿತು. "ಬಂದವರು ಬಚ್ಚಲಕ್ಕ ಹೋದ್ರ ನೀವು ಹೊರಗ ಬಾಗಲಾ ಹಿಡ್ಕೊಂಡು ನಿಂದರವ್ರೇನ್ರಿ?" ಎಂದಳು ಹೆಂಡತಿ.

ಅದನ್ನು ಕೂಡಿಸಿದ್ದ ಮಮದಾಪುರದ ದಸ್ತಗೀರ್ ಮಿಸ್ತ್ರಿಯನ್ನೇ ಕರೆಸಿದೆ. ಅವರ ಚೌಕಟ್ಟು ವಾರೆ ಎಂದು ಇಷ್ಟು ವರ್ಷ ನಾನು ಓಣಿಗೆಲ್ಲ ಸಾರಿದ್ದರಿಂದ ಇಲ್ಲಿ ಯಾರೂ ಅವರಿಗೆ ಕೆಲಸ ಹೇಳುತ್ತಿರಲಿಲ್ಲ. ಮಿಸ್ತ್ರಿ ಬಂದವರೇ ಚೀಲದಿಂದ ಗುಣ್ಯಾ ತೆಗೆದರು. ಮೂಲೆ ನೇರವಿದೆಯೇ ಎಂದು ನೋಡುವ, ಮೊಳಕೈ ಮಡಚಿದಂತಿರುವ ಕಬ್ಬಿಣದ ಪಟ್ಟಿ ಅದು. ಹಿಂದಿನ ದಿನವಷ್ಟೇ 'ನಾರ್ಮಲ್'ನ ಮೂಲ ಹುಡುಕಿ ನಿಘಂಟು ತೆರೆದಿದ್ದ ನನಗೆ ತಡೆಯಲಾಗಲಿಲ್ಲ.

"ಮಿಸ್ತ್ರಿ, ನಾರ್ಮಲ್ ಅನ್ನೂ ಶಬ್ದ ಹುಟ್ಟಿದ್ದ ಇದರಿಂದ. ಲ್ಯಾಟಿನ್ ಭಾಷಾದಾಗ ಗುಣ್ಯಾಕ್ಕ ನೊರ್ಮಾ ಅಂತಿದ್ರು. ಗುಣ್ಯಾ ಒಪ್ಪಿದ್ದ ನಾರ್ಮಲ್."

"ಹಂಗಾರ ಇಷ್ಟ ದಿನಾ ನಾ ಲ್ಯಾಟಿನ್ ಮಾತಾಡೇನಿ ಅನ್ರಿ," ಎಂದರು ಮಿಸ್ತ್ರಿ. "ಖರೆ ಸರ್ರ, ಇದು ನನ್ನ ಕೈಯಾಗ ವಾರೆ ಆಗಿದ್ದಲ್ರಿ. ಅವತ್ತ ನಾಕೂ ಮೂಲಿಗೆ ಗುಣ್ಯಾ ಹಚ್ಚೇನಿ."

ಹಚ್ಚಿರಲಿಲ್ಲವೆಂದು ನನಗೆ ಸ್ಪಷ್ಟ ನೆನಪು. ಆದರೆ ನೆನಪನ್ನು ನಂಬಬಾರದೆಂದೇ ಡೈರಿ ಬರೆಯುವವನು ನಾನು. ಹಳೆಯ ಡೈರಿ ಹುಡುಕಿ ತಂದು, ಸಾಕ್ಷಿಗೆ ಹೆಂಡತಿಯನ್ನೂ ಕರೆದು, ವಕೀಲನ ಗತ್ತಿನಲ್ಲಿ ಓದತೊಡಗಿದೆ: 'ಬಚ್ಚಲ ಚೌಕಟ್ಟು ಕೂತಿತು. ಮಿಸ್ತ್ರಿ ನಾಲ್ಕು ಮೂಲೆಗೂ ಗುಣ್ಯಾ ಹಚ್ಚಿ ನೋಡಿದರು. ಸಿಮೆಂಟ್ ಹಸಿ ಇದೆ, ನಾಳೆಯವರೆಗೆ ಮುಟ್ಟಬೇಡಿ ಎಂದು ಹೇಳಿ ಹೋದರು. ಆಮೇಲೆ...'

"ಯಾಕ, ಮುಂದಿನ ಅಕ್ಷರ ಅಳಿಸ್ಯಾವೇನ್ರಿ?" ಎನ್ನುತ್ತ ಹೆಂಡತಿ ಡೈರಿ ಕಸಿದುಕೊಂಡು ತಾನೇ ಓದಿದಳು: 'ಆಮೇಲೆ ಅದಕ್ಕೆ ಒರಗಿ ನಿಂತು ಚಹಾ ಕುಡಿದೆ. ಗಟ್ಟಿಯಾಗಿದೆ.'

ಮಿಸ್ತ್ರಿ ಗುಣ್ಯಾವನ್ನು ನನ್ನ ಬೆನ್ನಿಗೆ ಹಚ್ಚಿ ನೋಡಿದರು. "ಅಕ್ಕಾರ, ಸರ್ರೊಬ್ರ ಒಂದೀಟ ವಾರೆ ಅದಾರ. ಮನ್ಯಾಗ ಉಳದಿದ್ದೆಲ್ಲಾ ನಾರ್ಮಲ್ ಐತ್ರಿ."

ಸಂಜೆ ಹೆಂಡತಿಯ ಕಾವಲಿನಲ್ಲಿ ಓಣಿಯ ಮನೆಮನೆಗೂ ಹೋಗಿ, ವಾರೆ ಮಾಡಿದವನು ನಾನೇ ಎಂದು ಒಪ್ಪಿಕೊಂಡು ಬಂದೆ. ಎದುರುಮನೆಯವರು ಮಿಸ್ತ್ರಿಯನ್ನು ತಮ್ಮ ಕಿಟಕಿ ಕೆಲಸಕ್ಕೆ ಕಳಿಸಿಕೊಡಿ ಎಂದರು. ಅಷ್ಟರಲ್ಲಿ ಮಿಸ್ತ್ರಿ ಚೌಕಟ್ಟನ್ನು ಕಿತ್ತು ಮತ್ತೆ ನೇರವಾಗಿ ಕೂಡಿಸಿದ್ದರು. ಮನಸ್ಸು ಹಗುರಾಗಿತ್ತು. ಈ ದಿನದ ಸಂಗತಿಯನ್ನು ಡೈರಿಯಲ್ಲಿ ನನ್ನ ಮಾನ ಉಳಿಯುವಂತೆ ಹೇಗೆ ಬರೆಯಲಿ ಎಂದು ಯೋಚಿಸುತ್ತ, ಹೆಂಡತಿ ಕೊಟ್ಟ ಚಹಾ ಹಿಡಿದು ಹಾಯಾಗಿ ನಿಂತೆ.

"ಸರ್ರ," ಎಂದರು ಮಿಸ್ತ್ರಿ, ಬಹಳ ಮೆಲ್ಲಗೆ, "ಯಾವುದಕ್ಕ ಒರಗೀರಿ, ಒಮ್ಮಿ ನೋಡ್ಕೊರ್ರಿ."