ಶಾಲುಬಾಯಿ ಜಗಳ ಜೋಪಾನ ಮಾಡಿದ್ದು

ಫಸಲಿ ಸನ್ ೧೩೩೨, ಬಹಮನ್ ತಿಂಗಳ ಹನ್ನೊಂದನೆಯ ತಾರೀಖು, ಮುಂಜಾನೆ ಹತ್ತು ಗಂಟೆಗೆ, ಭಾಲ್ಕಿಯ ಹತ್ತಿ ಬೀಜ ಬಿಡಿಸುವ ಜಿನ್ನಿನ ಹಿಂದಿನ ಓಣಿಯಲ್ಲಿ, ಎರಡು ವರ್ಷ ಮೂರು ತಿಂಗಳ ವಯಸ್ಸಿನ ಹಾವಗೆಪ್ಪ ಎಂಬಾತನು ಎರಡು ವರ್ಷ ವಯಸ್ಸಿನ ಸುಭಾನ ಎಂಬಾತನ ಎಡ ಮೊಣಕೈಯನ್ನು ಕಚ್ಚಿದನು. ಇಷ್ಟರ ಮಟ್ಟಿಗೆ ಸರಕಾರಕ್ಕೂ ಸಾರ್ವಜನಿಕರಿಗೂ ಭಿನ್ನಾಭಿಪ್ರಾಯವಿಲ್ಲ. ಮುಂದಿನದೆಲ್ಲ ಕಾಯದೆ ಪ್ರಕಾರವೇ ನಡೆಯಿತು.

ಕಚ್ಚಿದ್ದು ಶಾಲುಬಾಯಿಯ ಪಡಸಾಲೆಯಲ್ಲಿ. ಜಿನ್ನಿನಲ್ಲಿ ಹತ್ತಿ ಆರಿಸುವ ಹೆಂಗಸರು ಹೊತ್ತು ಮೂಡುವಾಗ ತಮ್ಮ ಕೂಸುಗಳನ್ನು ಅಲ್ಲಿ ಬಿಟ್ಟು, ಹೊತ್ತು ಮುಳುಗುವಾಗ ಎತ್ತಿಕೊಂಡು ಹೋಗುತ್ತಿದ್ದರು. ಒಟ್ಟು ಹನ್ನೊಂದು ಕೂಸು. ಪ್ರತಿ ತಾಯಿಯೂ ವಾರಕ್ಕೊಮ್ಮೆ ಒಂದು ಸೇರು ಜೋಳ ತಂದು ಸುರುವಬೇಕು. ಗಂಡ ತೀರಿಕೊಂಡ ಮೇಲೆ ಶಾಲುಬಾಯಿಯ ಒಲೆ ಉರಿಯುತ್ತಿದ್ದುದು ಈ ಜೋಳದಿಂದಲೇ. ಅವಳ ಮನೆಯಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗವಿತ್ತು. ಹನ್ನೊಂದು ಬಟ್ಟಲು ಒಂದೇ ಸಾಲಿನಲ್ಲಿ, ಹನ್ನೊಂದು ದುಪ್ಪಟಿ ಒಂದೇ ಹಗ್ಗದ ಮೇಲೆ, ಕಸಬರಿಗೆ ಬಾಗಿಲ ಹಿಂದೆ. ಕಣ್ಣು ಕಟ್ಟಿ ಬಿಟ್ಟರೂ ಉಪ್ಪಿನ ಗಡಿಗೆಗೆ ಕೈ ಹಾಕುವಂಥ ಶಿಸ್ತು.

ಕೂಸುಗಳ ಜಗಳಕ್ಕೂ ಅವಳಲ್ಲಿ ಒಂದು ಪದ್ಧತಿ ಇತ್ತು. ಮೊದಲು ಹೊಡೆದವರು ಯಾರು ಎಂದು ಕೇಳಿದವರು ಕೆಟ್ಟರು ಎಂಬುದು ಅವಳ ನಂಬಿಕೆ. ಹೊಡೆದಾಡಿದ ಇಬ್ಬರನ್ನೂ ಎದುರುಬದುರು ಕೂಡಿಸಿ ನಡುವೆ ತೊಗರಿ ತುಂಬಿದ ಮೊರ ಇಡುತ್ತಿದ್ದಳು. ಅದರೊಳಗಿನ ಕಲ್ಲಿನ ಹಳ್ಳು ಆರಿಸಬೇಕು. ಕೂಸುಗಳು ಹಳ್ಳು ಬಿಟ್ಟು ತೊಗರಿ ಆರಿಸಿ ಎಸೆಯುತ್ತಿದ್ದವು, ಆದರೆ ನಾಲ್ಕನೆಯ ಹಿಡಿಗೆ ಇಬ್ಬರೂ ನಗುತ್ತಿದ್ದರು. ಈ ಪದ್ಧತಿ ಒಮ್ಮೆಯೂ ತಪ್ಪಿದ್ದಿಲ್ಲ. ಅವಳ ಮುಂದಿನ ಕಷ್ಟಕ್ಕೆಲ್ಲ ಇದೇ ಕಾರಣವಾಯಿತು.

ಆ ಮನೆಯ ಮೇಲೆ ಅಡತಿ ವ್ಯಾಪಾರಿ ಮನ್ಮಥಪ್ಪನಿಗೆ ಬಹಳ ದಿನದಿಂದ ಕಣ್ಣಿತ್ತು. ಜಿನ್ನಿಗೆ ಹತ್ತಿಕೊಂಡ ಜಾಗ, ಹತ್ತಿಯ ಅಂಡಿಗೆ ಒಟ್ಟಲು ಅದಕ್ಕಿಂತ ಅನುಕೂಲವಾದದ್ದು ಊರಲ್ಲಿಲ್ಲ. ಆತ ಖಾಲಿ ಜಾಗಾ ಮಹಕಮೆ ಎಂಬ ಸರಕಾರಿ ಕಚೇರಿಗೆ ಅರ್ಜಿ ಹಾಕಿದ. ಜನ ವಾಸಿಸುತ್ತಿರುವ ಜಾಗಗಳನ್ನು ಪರಿಶೀಲಿಸಿ ಅವು ಖಾಲಿ ಇವೆ ಎಂದು ಗೊತ್ತುಪಡಿಸುವುದು ಆ ಮಹಕಮೆಯ ಕೆಲಸ. ಅದರ ಮಿಸಲು ಕಡತ ನೋಡಿಕೊಳ್ಳುವ ಪೇಶಕಾರ ಗೋರಖನಾಥನು ಮನೆಯನ್ನು ನೋಡದೆಯೇ, ಅಂದರೆ ಯಾವ ಪಕ್ಷಪಾತಕ್ಕೂ ಎಡೆಗೊಡದೆ, ಮನೆ ಖಾಲಿ ಇದೆ ಎಂದು ಬರೆದ. ಖಾಲಿ ಇರುವ ಮನೆಯನ್ನು ಎಂಟು ದಿನದಲ್ಲಿ ಖಾಲಿ ಮಾಡಬೇಕೆಂಬ ಹುಕುಂ ಹಿಡಿದು ಚಪರಾಸಿ ಖಾಜಾ ಮಿಯಾ ಬಹಮನ್ ಹನ್ನೊಂದರಂದು ಶಾಲುಬಾಯಿಯ ಬಾಗಿಲಿಗೆ ಬಂದ.

ಬಂದವನು ಬಂದ ಕೆಲಸ ಬಾಯಿಮಾತಿನಲ್ಲಿ ಹೇಳಿ, ಕಾಗದ ಕೊಡುವ ಮೊದಲು ನೀರು ಕೇಳಿದ. ಕುಡಿಯಲು ಕೂತಾಗ ಎದೆಯ ಮೇಲಿನ ಚರ್ಮದ ಪಟ್ಟಾ, ಅದರ ಹಿತ್ತಾಳೆ ಬಿಲ್ಲೆ ಸಮೇತ, ಬಿಚ್ಚಿ ಪಕ್ಕಕ್ಕಿಟ್ಟ. ಹೊಳೆಯುವ ಬಿಲ್ಲೆಯನ್ನು ಹಾವಗೆಪ್ಪ ಈ ಕಡೆಯಿಂದಲೂ ಸುಭಾನ ಆ ಕಡೆಯಿಂದಲೂ ಎಳೆದರು. ಮೊದಲು ಪಟ್ಟಾ, ಆಮೇಲೆ ಮೊಣಕೈ, ಈ ಕ್ರಮದಲ್ಲಿ ಹಾವಗೆಪ್ಪ ಕಚ್ಚಿದ. ಶಾಲುಬಾಯಿ ಮೊರ ತಂದಿಟ್ಟಳು. ಖಾಜಾ ಮಿಯಾ ಎರಡನೆಯ ತಂಬಿಗೆ ಮುಗಿಸುವಷ್ಟರಲ್ಲಿ ಸುಭಾನ ಹಾವಗೆಪ್ಪನ ತಲೆಯ ಮೇಲೆ ತೊಗರಿ ಸುರಿದು ನಗುತ್ತಿದ್ದ. ಆದರೆ ಸರಕಾರಿ ಚರ್ಮದ ಮೇಲೆ ನಾಲ್ಕು ಹಲ್ಲಿನ ಗುರುತು ಉಳಿದಿತ್ತು. ಖಾಜಾ ಮಿಯಾ ಅದನ್ನು ಅಂಗಿಯ ತುದಿಯಿಂದ ಒರೆಸಿ ನೋಡಿದ. ಹದಿನಾರು ವರ್ಷದ ನೌಕರಿಯಲ್ಲಿ ಅವನ ಪಟ್ಟಾವನ್ನು ಯಾರೂ ಕಚ್ಚಿರಲಿಲ್ಲ. ಹುಕುಮನ್ನು ಮಡಚಿ ಜೇಬಿಗಿಟ್ಟು ಕಚೇರಿಗೆ ಓಡಿದ.

ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರನ್ನು ಹುಡುಕಿಯೇ ಕಚೇರಿಗಳಲ್ಲಿ ನೇಮಿಸುತ್ತಾರೆ. ಗೋರಖನಾಥ ಎಲ್ಲವನ್ನೂ ಕೇಳಿ, ಇಬ್ಬರು ಎಳೆದರೋ ಒಬ್ಬನೇ ಎಳೆದನೋ ಎಂದು ವಿಚಾರಿಸಿದ. ಒಬ್ಬ ಎಳೆದರೆ ಅದು ಕಳವು, ಇಬ್ಬರು ಎಳೆದರೆ ಹಕ್ಕಿನ ತಕರಾರು. ಒಬ್ಬನ ಊರು ಖಟಕ ಚಿಂಚೋಳಿ, ಇನ್ನೊಬ್ಬನದು ಔರಾದ ಕಡೆಯ ಠಾಣಾ ಕುಶನೂರ ಎಂದು ತಿಳಿದಾಗ ಅವನ ಮುಖ ಅರಳಿತು. ಎರಡು ತಾಲೂಕಿನ ತಕರಾರಿಗೆ ಬೇರೆ ಮಿಸಲು, ಬೇರೆ ಕಪಾಟು, ತನಿಖೆಗೆ ಓಡಾಡಲು ಒಂದು ಕುದುರೆಯ ಮೇವು ಮಂಜೂರಾಗುತ್ತಿತ್ತು. ಗೋರಖನಾಥನ ಹತ್ತಿರ ಕುದುರೆ ಇರಲಿಲ್ಲ, ಎಮ್ಮೆ ಇತ್ತು. ಎಮ್ಮೆಗೆ ಮೇವಿನ ವಿಷಯದಲ್ಲಿ ಯಾವ ಆಕ್ಷೇಪಣೆಯೂ ಇರಲಿಲ್ಲ.

ಮರುದಿನ ಪಂಚನಾಮೆ ನಡೆಯಿತು. ಗೋರಖನಾಥ ಪಡಸಾಲೆಯಲ್ಲಿ ನಿಂತು ನಿಯಮ ಓದಿ ಹೇಳಿದ: ತಕರಾರಿನ ಮಾಲು ತಕರಾರಿನ ಜಾಗದಲ್ಲಿಯೇ ಇರತಕ್ಕದ್ದು; ತಕರಾರಿನ ಜಾಗ ಆ ಸಮಯದಲ್ಲಿ ಹೇಗಿತ್ತೋ ಹಾಗೆಯೇ ಇರತಕ್ಕದ್ದು; ಹಕ್ಕುದಾರರು ಪ್ರತಿ ಬುಧವಾರ ಹಾಜರಿದ್ದು ತಕರಾರು ಜಾರಿಯಲ್ಲಿದೆ ಎಂದು ತೋರಿಸತಕ್ಕದ್ದು. ಬಿಲ್ಲೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕಿದರು. ಬಟ್ಟಲು, ಗಡಿಗೆ, ಬೀಸುಕಲ್ಲುಗಳ ಮೇಲೆ ಸುಣ್ಣದಿಂದ ನಂಬರು ಬರೆದರು. ಗದ್ದಲದಲ್ಲಿ ಬಿದ್ದು, ಆಗಲೇ ಎತ್ತಿಟ್ಟಿದ್ದ ಕಸಬರಿಗೆಯನ್ನು ಮತ್ತೆ ಬೀಳಿಸಿ, ಬಿದ್ದಂತೆಯೇ ಇರಬೇಕೆಂದು ಸುತ್ತ ಗೆರೆ ಎಳೆದರು. ಬಿದ್ದ ಕಸಬರಿಗೆಯನ್ನು ಹುಟ್ಟಿದಾಗಿನಿಂದ ಒಂದು ಗಳಿಗೆಯೂ ಸಹಿಸದ ಶಾಲುಬಾಯಿಗೆ ಅದನ್ನು ದಿನವೂ ದಾಟಿ ಓಡಾಡುವುದು ಪ್ರಾಣಸಂಕಟವಾಯಿತು. ಕಚ್ಚಿದ ಸಮಯದಲ್ಲಿ ಹೊಸ್ತಿಲ ಮೇಲೆ ಒಂದು ಹೆಣ್ಣುಕೂಸು ಮೂಗಿನಲ್ಲಿ ಬೆರಳಿಟ್ಟುಕೊಂಡು ಕೂತಿತ್ತಂತೆ. ಪ್ರತಿ ಬುಧವಾರ ಹತ್ತು ಗಂಟೆಗೆ ಅದು ಹಾಗೆಯೇ ಕೂರಬೇಕೆಂದು ಬರೆದರು. ಆ ಒಂದು ನಿಯಮವನ್ನು ಮಾತ್ರ ಯಾರೂ ನೆನಪಿಸಬೇಕಾಗಲಿಲ್ಲ.

ಎಲ್ಲ ಮುಗಿದ ಮೇಲೆ ಶಾಲುಬಾಯಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

"ಮನಿ ಖಾಲಿ ಮಾಡೋ ಹುಕುಂ ಏನಾಯ್ತ್ರಿ, ಪೇಶಕಾರ ಸಾಹೇಬ್ರ?"

"ಬಿಲ್ಲೆ ಇಲ್ಲದ ಚಪರಾಸಿ ಕೊಟ್ರ ಅದು ಹುಕುಂ ಅಲ್ಲವ್ವಾ, ಬರೇ ಕಾಗದ. ಬಿಲ್ಲೆ ತಕರಾರಿನಾಗ ಅದ. ತಕರಾರು ಇರೋತನಾ ನಿನ್ನ ಮನೀದು ಒಂದ ಕಲ್ಲೂ ಯಾರೂ ಅಲುಗಸಂಗಿಲ್ಲ."

"ತಕರಾರು ಮುಗದರ?"

"ಮುಗದ ದಿನಾನೇ ಸಂಜೀಕ ಖಾಲಿ."

ಶಾಲುಬಾಯಿ ತಿರುಗಿ ನೋಡಿದಳು. ಭಾರೀ ತಕರಾರಿನ ಎರಡೂ ಕಡೆಯವರು ಒಂದೇ ರೊಟ್ಟಿಯನ್ನು ಎರಡು ತುದಿಯಿಂದ ತಿನ್ನುತ್ತಿದ್ದರು. ಅವಳು ಗಡಬಡಿಸಿ ಅವರ ಮುಂದೆ ಹೋಗಿ ನಿಂತು ಮರೆ ಮಾಡಿದಳು.

ಅಂದಿನಿಂದ, ಜಗಳ ಬಿಡಿಸುವುದರಲ್ಲಿ ಭಾಲ್ಕಿಗೇ ಹೆಸರಾಗಿದ್ದ ಹೆಂಗಸಿಗೆ ಒಂದು ಜಗಳವನ್ನು ಜೋಪಾನ ಮಾಡುವ ಕೆಲಸ ಬಿತ್ತು. ಮೊರವನ್ನು ಅಟ್ಟದ ಮೇಲೆ ಇಟ್ಟಳು. ಬೆಲ್ಲದ ಒಂದೇ ಹರಳನ್ನು ಹಾವಗೆಪ್ಪನಿಗೆ ಕೊಟ್ಟು ಸುಭಾನನಿಗೆ ಕೊಡದೆ ನೋಡಿದಳು. ಹಾವಗೆಪ್ಪ ಅದನ್ನು ಬಾಯಲ್ಲಿ ಒದ್ದೆ ಮಾಡಿ ಸುಭಾನನ ಬಾಯಿಗೆ ಇಟ್ಟ. ಬೇರೆ ಬೇರೆ ಮೂಲೆಗೆ ಕೂಡಿಸಿದರೆ ಪುಟುಪುಟು ನಡೆದು ನಡುವೆ ಬಂದು ಸೇರುತ್ತಿದ್ದರು. ಹಾವಗೆಪ್ಪನ ತಾಯಿ ಕಸ್ತೂರಿಬಾಯಿ, ಸುಭಾನನ ತಾಯಿ ಅಕ್ತರಬೀ ಇಬ್ಬರಿಗೂ ವಿಷಯ ತಿಳಿಸಿ, ಮನೆಯಲ್ಲಿ ಒಬ್ಬರ ಮಗನ ಬಗ್ಗೆ ಇನ್ನೊಬ್ಬರು ಕೆಟ್ಟದ್ದು ಆಡಬೇಕೆಂದು ಕೈಮುಗಿದಳು. ಇಬ್ಬರೂ ಒಪ್ಪಿದರು, ಏಕೆಂದರೆ ಈ ಪಡಸಾಲೆ ಮುಚ್ಚಿದರೆ ಕೂಸನ್ನು ಕಟ್ಟಿಕೊಂಡು ಬಂದವರನ್ನು ಜಿನ್ನಿನ ಒಳಗೆ ಬಿಡುತ್ತಿರಲಿಲ್ಲ. ಆದರೆ ಆಡಲು ಕೆಟ್ಟದ್ದು ಏನೂ ಸಿಗಲಿಲ್ಲ. ಕೊನೆಗೆ ಶಾಲುಬಾಯಿಯೇ ಹಾವಗೆಪ್ಪನ ಕೈ ಹಿಡಿದು ಸುಭಾನನ ಬೆನ್ನ ಮೇಲೆ ಎತ್ತಿದಳು. ಆ ಪುಟ್ಟ ಕೈ ಅವಳ ಕೈಯಲ್ಲಿ ಮೆತ್ತಗೆ ಇತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಕೈ ಬಿಟ್ಟು ಒಳಗೆ ಹೋಗಿ, ನಂಬರು ಹದಿನೇಳರ ಬೀಸುಕಲ್ಲಿನ ಮುಂದೆ ಕೂತು ಅತ್ತಳು.

ಬುಧವಾರ ಬಂತು. ಗೋರಖನಾಥ ಬಂದಾಗ ಹಕ್ಕುದಾರರು ಒಬ್ಬರ ಕೊರಳಿಗೆ ಒಬ್ಬರು ಕೈ ಹಾಕಿಕೊಂಡು ಕೂತಿದ್ದರು. ಗೋರಖನಾಥ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಬರೆದು, ಕಾಯದೆಯಂತೆ ಓದಿ ಹೇಳಿದ: "ಹಕ್ಕುದಾರರು ಪರಸ್ಪರ ಕೊರಳು ಹಿಡಿದ ಸ್ಥಿತಿಯಲ್ಲಿ ಕಂಡುಬಂದರು. ಕರೆದರೂ ಬಿಡಲಿಲ್ಲ." ಮುಂದಿನ ಬುಧವಾರ ಸುಭಾನ ಹಾವಗೆಪ್ಪನ ಗಲ್ಲಕ್ಕೆ ಮುತ್ತು ಕೊಡುತ್ತಿದ್ದ. "ಎರಡನೆಯ ಹಕ್ಕುದಾರನು ಮೊದಲನೆಯವನ ಮುಖಕ್ಕೆ ಬಾಯಿ ಹಾಕಿದನು" ಎಂದು ದಾಖಲಾಯಿತು. ಎಮ್ಮೆ ಈ ಹೊತ್ತಿಗೆ ಹಾಲು ಹೆಚ್ಚಿಸಿತ್ತು. ಖಾಜಾ ಮಿಯಾನನ್ನು ಬಿಲ್ಲೆಯ ಕಾವಲಿಗೆ ಅಲ್ಲಿಯೇ ನೇಮಿಸಲಾಗಿತ್ತು, ಕೂತಲ್ಲಿಯೇ ತೊಟ್ಟಿಲು ತೂಗುತ್ತಿದ್ದ. ಮೂಗು ಒರೆಸುವುದರಲ್ಲಿ ಅವನ ಕೈ ಶಾಲುಬಾಯಿಗಿಂತ ಹಗುರ ಎಂದು ತಾಯಂದಿರು ಮಾತಾಡಿಕೊಂಡರು.

ಮನ್ಮಥಪ್ಪನಿಗೆ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂಡಿಗೆಗಳು ಬಯಲಲ್ಲಿ ಇಬ್ಬನಿಗೆ ತೊಯ್ಯುತ್ತಿದ್ದವು. ತಕರಾರು ಮುಗಿಸಲು ಅವನೇ ಟೊಂಕ ಕಟ್ಟಿದ. ಒಂದೇ ಅಳತೆಯ, ಒಂದೇ ಬಣ್ಣದ ಎರಡು ಮರದ ಎತ್ತು ಮಾಡಿಸಿ ತಂದು, ಮಕ್ಕಳು ಕೂಡಿ ಆಡಬೇಕು, ಬಸವಣ್ಣನವರು ದಯೆಯೇ ಧರ್ಮದ ಮೂಲ ಅಂದಾರ ಎಂದು ಉಪದೇಶಿಸಿದ. ಶಾಲುಬಾಯಿ ಎತ್ತುಗಳನ್ನು ಅವನ ಕೈಗೇ ತಿರುಗಿ ಕೊಟ್ಟು, ಹಕ್ಕುದಾರರಿಗೆ ಲಂಚ ಕೊಡುವುದು ಗುನ್ಹೆ ಎಂದಳು. ಖಾಜಾ ಮಿಯಾ ತೊಟ್ಟಿಲ ಹಗ್ಗ ಬಿಡದೆಯೇ ಹೌದೆಂದು ತಲೆಯಾಡಿಸಿದ. ಮನ್ಮಥಪ್ಪ ಸವಾರಿ ಗಾಡಿ ಕಟ್ಟಿಸಿ ನೇರ ಬೀದರಿಗೆ ಹೋದ. ಭಾಲ್ಕಿಯಲ್ಲಿ ಸರಕಾರಕ್ಕೆ ಮೋಸವಾಗುತ್ತಿದೆ, ಅಲ್ಲಿ ತಕರಾರೇ ಇಲ್ಲ, ಬರೀ ಪ್ರೀತಿ ನಡೆದಿದೆ ಎಂದು ಮಹಕಮೆಯ ಮೇಲಧಿಕಾರಿ ಮೊಹತಮೀಮ ಸಾಹೇಬರಿಗೆ ಫಿರ್ಯಾದಿ ಕೊಟ್ಟ.

ಸಾಹೇಬರು ಮನ್ಮಥಪ್ಪನನ್ನೂ ಗೋರಖನಾಥನನ್ನೂ ಕೂಡಿಸಿಕೊಂಡು ಟಾಂಗಾದಲ್ಲಿ ಬಂದರು. ಹೇಳದೆ ಕೇಳದೆ, ಬುಧವಾರ ಬಿಟ್ಟು ಶನಿವಾರ, ಊಟವಾದ ಮೇಲೆ ಕೂಸುಗಳು ಮಲಗುವ ಹೊತ್ತಿಗೆ. ಪಡಸಾಲೆಯ ತುಂಬ ನಿದ್ದೆ. ನಡುವೆ ಒಂದೇ ದುಪ್ಪಟಿಯ ಕೆಳಗೆ ಹಾವಗೆಪ್ಪ ಮತ್ತು ಸುಭಾನ, ಮುಖಕ್ಕೆ ಮುಖ ಹಚ್ಚಿ, ಒಬ್ಬನ ಮುಷ್ಟಿಯಲ್ಲಿ ಇನ್ನೊಬ್ಬನ ಬೆರಳು. ಮನ್ಮಥಪ್ಪ ಸುಮ್ಮನೆ ಕೈ ಮಾಡಿ ತೋರಿಸಿದ. ಗೋರಖನಾಥ ಲೇಖಣಿ ತೆಗೆದ, ಆದರೆ ಸಾಹೇಬರು ಬೇಡವೆಂದರು. ಕಾಗದದ ಮಾತು ಸಾಕು, ಜಾಗದ ಹೆಂಗಸೇ ಹೇಳಲಿ, ಇವರ ನಡುವೆ ತಕರಾರು ಇದೆಯೋ ಇಲ್ಲವೋ ಎಂದು ಉರ್ದುವಿನಲ್ಲಿ ಕೇಳಿದರು. ಗೋರಖನಾಥ ಅದನ್ನು ಕನ್ನಡದಲ್ಲಿ ಕೇಳಿದ.

ಹನ್ನೊಂದು ತಾಯಂದಿರ ಕೂಲಿ, ಶಾಲುಬಾಯಿಯ ಒಲೆ, ಎಲ್ಲ ಒಂದು ಮಾತಿನ ಮೇಲೆ ನಿಂತಿತ್ತು. ಯಾವ ಕೂಸಿನ ಮೇಲೂ ಅವಳು ಅಂದಿನವರೆಗೆ ಇಲ್ಲದ ಚಾಡಿ ಹೇಳಿದವಳಲ್ಲ. ಮಲಗಿದ್ದವರನ್ನು ಒಮ್ಮೆ ನೋಡಿದಳು.

"ಏನ್ ಹೇಳ್ಲಿರಿ ಸಾಹೇಬ್ರ. ಹಗಲೆಲ್ಲಾ ಒಬ್ಬರನ್ನೊಬ್ಬರು ಬಿಡಂಗಿಲ್ಲ. ನಿದ್ದಿಯೊಳಗೂ ಹಿಡದದ್ದ ಕೈ ಬಿಟ್ಟಿಲ್ಲ ನೋಡ್ರಿ."

ಗೋರಖನಾಥ ಒಂದು ಅಕ್ಷರವೂ ತಪ್ಪದಂತೆ ತರ್ಜುಮೆ ಮಾಡಿದ. ಸಾಹೇಬರು ಬಗ್ಗಿ ಆ ಮುಷ್ಟಿಯನ್ನು ನೋಡಿದರು. ಮೂವತ್ತು ವರ್ಷದ ಚಾಕರಿಯಲ್ಲಿ ನಿದ್ದೆಯಲ್ಲಿಯೂ ಬಿಡದಂಥ ತಕರಾರು ನೋಡಿರಲಿಲ್ಲ ಎಂದರು. ಇಂಥದ್ದು ತಮ್ಮ ಇಲಾಖೆಯಲ್ಲಿ ನಡೆಯುತ್ತಿರುವುದಕ್ಕೆ ಹೆಮ್ಮೆಯನ್ನೂ ವ್ಯಕ್ತಪಡಿಸಿದರು. ಟಾಂಗಾ ಹತ್ತುವ ಮುಂಚೆ, ತಕರಾರನ್ನು ಸಾಕ್ಷಿಸಮೇತ ಅಲ್ಲಗಳೆಯಲು ಬಂದದ್ದಕ್ಕಾಗಿ ಮನ್ಮಥಪ್ಪನಿಂದ ಕ್ಷಮಾಪತ್ರ ಬರೆಸಿಕೊಂಡರು.

ತಿಂಗಳಲ್ಲಿ ಬೀದರಿನಿಂದ ಹುಕುಂ ಬಂತು. ಭಾಲ್ಕಿಯ ಬಿಲ್ಲೆ ತಕರಾರು ಕಾಯಂ ತಕರಾರು ಎಂದು ಘೋಷಿಸಲ್ಪಟ್ಟಿದೆ. ಹಕ್ಕುದಾರರಿಗೆ ಐದು ವರ್ಷ ತುಂಬಿದ ಕೂಡಲೆ ಅವರ ಜಾಗಕ್ಕೆ ಎರಡು ವರ್ಷದ ಹೊಸ ಹಕ್ಕುದಾರರನ್ನು ನೇಮಿಸತಕ್ಕದ್ದು. ನೇಮಕದ ಶಿಫಾರಸು ಜಾಗದ ಹೆಂಗಸಿನದು. ಮನೆ ಉಳಿಯಿತು. ಕಾಲಕ್ರಮದಲ್ಲಿ ಹಾವಗೆಪ್ಪ, ಸುಭಾನ ಇಬ್ಬರೂ ನಿವೃತ್ತರಾಗಿ ಕೈಕೈ ಹಿಡಿದು ಸಾಲೆಗೆ ಹೋದರು. ಹೊಸ ನೇಮಕದ ಸುದ್ದಿ ಹಬ್ಬಿತು. ತಾಯಂದಿರು ಕೂಸನ್ನು ಎತ್ತಿಕೊಂಡು ಓಣಿಯ ಉದ್ದಕ್ಕೂ ಸಾಲು ನಿಂತರು. ಶಾಲುಬಾಯಿ ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ ಕೇಳುತ್ತಿದ್ದಳು: "ಕಚ್ಚತದೇನವ್ವಾ?" ಇಲ್ಲ ಎಂದವರು ನಾಚಿ ತಲೆ ತಗ್ಗಿಸುತ್ತಿದ್ದರು. ದವಡೆ ಹಲ್ಲು ಬರಲಿ, ಕಲಿಯುತ್ತದೆ ಎಂದು ಖಾಜಾ ಮಿಯಾ ಅವರಿಗೆ ಧೈರ್ಯ ಹೇಳುತ್ತಿದ್ದ.

ಸಾಲಿನ ಕೊನೆಗೆ ಮನ್ಮಥಪ್ಪ ನಿಂತಿದ್ದ. ಕಂಕುಳಲ್ಲಿ ಮಗಳ ಮಗ. ತಕರಾರಿನಲ್ಲಿ ಹೆಸರಿದ್ದರೆ ನಾಳೆ ಜಾಗದ ಮೇಲೆ ಹಕ್ಕು ಬಂದೀತು ಎಂದು ವಕೀಲರು ಹೇಳಿದ್ದರು. ಶಾಲುಬಾಯಿ ಅವನಿಗೂ ಅದೇ ಪ್ರಶ್ನೆ ಕೇಳಿದಳು. ಮನ್ಮಥಪ್ಪ ಮಾತಾಡದೆ ಅಂಗಿಯ ತೋಳು ಮೊಣಕೈವರೆಗೆ ಏರಿಸಿ, ಹೆಮ್ಮೆಯಿಂದ ಮುಂದೆ ಚಾಚಿದ. ಶಾಲುಬಾಯಿ ತೋಳನ್ನು ಬೆಳಕಿಗೆ ಹಿಡಿದು, ಹಲ್ಲಿನ ಗುರುತು ಒಂದೊಂದಾಗಿ ಎಣಿಸಿ, "ಇಷ್ಟು ಸಾಲತದ್ರಿ" ಎಂದಳು.